ಹಿಂದೆ ಸರಿದರೆ ಮಡಿದವರಿಗೆ ಅವಮಾನವೇ?

2000ದ ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನೂ ಜೊತೆಗಿದ್ದ ಮೂವರನ್ನೂ ಕಾಡುಗಳ್ಳ ವೀರಪ್ಪನ್ ಅಪಹರಿಸಿ ಕಾಡಿಗೆ ಕರೆದೊಯ್ದ. ಆ ಊರು ತಮಿಳುನಾಡಿನ ತಾಳವಾಡಿ ಭಾಗದ್ದು. ಮನೆಮಾತು ಕನ್ನಡ, ನೆಂಟಸ್ತನವೆಲ್ಲ ನಮ್ಮ ಚಾಮರಾಜನಗರದ ಕಡೆಗೆ. ಮುಂದಿನ 108 ದಿನ ಇಡೀ ನಾಡು ಅಣ್ಣಾವ್ರು ಯಾವಾಗ ಬರುತ್ತಾರೆ ಎಂಬ ಒಂದೇ ಪ್ರಶ್ನೆ ಕೇಳಿತು. ಆ ಗದ್ದಲದ ನಡುವೆ ಇನ್ನೊಂದು ಪ್ರಶ್ನೆಯೂ ಎದ್ದಿತ್ತು. ಅದನ್ನು ಕೇಳಿದವರು ಮಗನನ್ನು ಕಳೆದುಕೊಂಡ ಒಬ್ಬ ತಂದೆ. ವೀರಪ್ಪನ್ ವಿರುದ್ಧದ ಕಾರ್ಯಾಚರಣೆಯಿಂದ ಸರ್ಕಾರ ಹಿಂದೆ ಸರಿದರೆ ಅದಕ್ಕಾಗಿ ಜೀವ ತೆತ್ತವರ ಗತಿಯೇನು? ನಾಡು ಆ ಪ್ರಶ್ನೆಗೆ ಕೊಟ್ಟ ಉತ್ತರ ಎಷ್ಟು ಸರಿ ಎಂಬುದನ್ನು ಈಗಲಾದರೂ ತೂಗಿ ನೋಡಬೇಕು.

ತಂದೆಯ ಹೆಸರು ಅಬ್ದುಲ್ ಕರೀಂ. ಅವರ ಮಗ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್, 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಹರಿಕೃಷ್ಣ ಅವರ ಜೊತೆಯಲ್ಲೇ ವೀರಪ್ಪನ್ ತಂಡದ ಹೊಂಚುದಾಳಿಗೆ ಬಲಿಯಾದವರು. ಎಂಟು ವರ್ಷದ ಮೇಲೆ, ರಾಜ್‌ಕುಮಾರ್ ಬಿಡುಗಡೆಗಾಗಿ ಕರ್ನಾಟಕ, ತಮಿಳುನಾಡು ಎರಡೂ ಸರ್ಕಾರಗಳು ವೀರಪ್ಪನ್ ಬೇಟೆಗಿದ್ದ ವಿಶೇಷ ಕಾರ್ಯಪಡೆಯ (ಎಸ್‌ಟಿಎಫ್) ಕಾರ್ಯಾಚರಣೆಯನ್ನು ತಡೆಹಿಡಿದವು. ವೀರಪ್ಪನ್‌ಗೆ ನೆರವಾದರೆಂದು ಮೈಸೂರು ಜೈಲಿನಲ್ಲಿದ್ದವರ ಮೇಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಆರೋಪಗಳನ್ನು ಕೈಬಿಡಲು ಕರ್ನಾಟಕ ಸರ್ಕಾರ ಅರ್ಜಿ ಹಾಕಿತು, ಅಲ್ಲಿನ ವಿಶೇಷ ನ್ಯಾಯಾಲಯವೂ ಒಪ್ಪಿತು. ಕರೀಂ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2000ದ ನವೆಂಬರ್ 7ರಂದು ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿದು ಆ ಅನುಮತಿಯನ್ನು ರದ್ದುಪಡಿಸಿತು, ಸರ್ಕಾರಗಳನ್ನು ಕಟುವಾಗಿ ಟೀಕಿಸಿತು. ಎಂಟು ದಿನ ಕಳೆದು, ನವೆಂಬರ್ 15ಕ್ಕೆ ರಾಜ್‌ಕುಮಾರ್ ಬಿಡುಗಡೆಯಾದರು.

ಆ ತಂದೆ ಮಾಡಿದ್ದು ನೂರಕ್ಕೆ ನೂರು ಸರಿ ಎಂದೇ ನಾನು ನಂಬುತ್ತೇನೆ. ಅಂದು ಇಡೀ ರಾಜ್ಯದ ಮನಸ್ಸು ಒಂದು ಕಡೆಗಿತ್ತು. ಅದಕ್ಕೆ ಎದುರಾಗಿ ನಿಲ್ಲುವುದಕ್ಕೆ ಎಂಥ ಗಟ್ಟಿ ಎದೆ ಬೇಕು! ಆದರೆ ಅವರ ತಕರಾರನ್ನು ಸೂಕ್ಷ್ಮವಾಗಿ ಗಮನಿಸಬೇಕು. ಪಡೆ ಕಾಡಿನಿಂದ ಎಂದೂ ವಾಪಸಾಗಬಾರದು ಎಂದು ಅವರು ಕೇಳಿರಲಿಲ್ಲ. ಮಗನ ಸಾವಿಗೆ ಕಾನೂನು ಕೊಡಬೇಕಾದ ಉತ್ತರವನ್ನು ಬಂದೂಕು ಹಿಡಿದವನ ಜೊತೆಗಿನ ಚೌಕಾಸಿಗೆ ಒಪ್ಪಿಸಬೇಡಿ ಎಂದಷ್ಟೇ ಅವರು ಕೇಳಿದ್ದು. ಆ ಬೇಡಿಕೆಯೇ ಬೇರೆ, ‘ಹಿಂದೆ ಸರಿದರೆ ಹುತಾತ್ಮರಿಗೆ ಅವಮಾನ’ ಎಂಬ ವಾದವೇ ಬೇರೆ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದರಿಂದಲೇ ನಮ್ಮಲ್ಲಿ ಗೊಂದಲ ಹುಟ್ಟಿತು.

ಏಕೆಂದರೆ ಅದೇ ಜೈಲಿನಲ್ಲಿ ಇನ್ನೊಂದು ಸಂಕಟವೂ ಕುಳಿತಿತ್ತು. ಟಾಡಾ ಅಡಿಯಲ್ಲಿ ಒಳಗಾದವರಲ್ಲಿ ಹೆಚ್ಚಿನವರು ಕಾಡಂಚಿನ ಬಡವರು. ಸೌದೆ ತಂದವರು, ದನ ಮೇಯಿಸಿದವರು, ದಾರಿಯಲ್ಲಿ ಎದುರಾದ ತಂಡಕ್ಕೆ ಹೆದರಿ ಅಕ್ಕಿ ಕೊಟ್ಟವರು. ಏಳೆಂಟು ವರ್ಷ ವಿಚಾರಣೆಯ ಹಾದಿ ಕಾದು, 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಜನ ನಿರ್ದೋಷಿಗಳೆಂದು ಹೊರಬಂದರು. ಅಷ್ಟು ವರ್ಷ ಮನೆ ನಡೆಸಿದ ಹೆಂಗಸರ ಲೆಕ್ಕವನ್ನು ಯಾವ ತೀರ್ಪೂ ಬರೆದಿಟ್ಟಿಲ್ಲ. ಮಾದಪ್ಪನ ಬೆಟ್ಟದ ಎಸ್‌ಟಿಎಫ್ ಶಿಬಿರದಲ್ಲಿ ಚಿತ್ರಹಿಂಸೆ ಕೊಡುತ್ತಿದ್ದ ಜಾಗವನ್ನು ಜನ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದರು. ಗ್ಯಾರೇಜಿನ ಮಾತನ್ನು ಮನುಷ್ಯರ ಮೈಗೆ ಬಳಸಬೇಕಾಗಿ ಬಂದ ಊರಿನ ಸ್ಥಿತಿ ಏನಿದ್ದೀತು! ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. 2007ರಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು.

ಇಲ್ಲಿಯೇ ಇದೆ ನನ್ನ ಮುಖ್ಯ ಆಕ್ಷೇಪ. ಟಾಡಾ ಬಂಧಿಗಳ ಬಿಡುಗಡೆ, ಎಸ್‌ಟಿಎಫ್ ದೌರ್ಜನ್ಯಕ್ಕೆ ಒಳಗಾದವರಿಗೆ ಪರಿಹಾರ, ಇವೆರಡೂ ವೀರಪ್ಪನ್ ಮುಂದಿಟ್ಟ ಬೇಡಿಕೆಗಳ ಪಟ್ಟಿಯಲ್ಲಿದ್ದವು. ವಿಚಾರಣೆಯನ್ನು ಬೇಗ ಮುಗಿಸಿ ತಪ್ಪಿತಸ್ಥರಿಗೆ ಶಿಕ್ಷೆ ಕೊಟ್ಟು ಉಳಿದವರನ್ನು ಮನೆಗೆ ಕಳಿಸಿದ್ದರೆ, ತಪ್ಪು ಮಾಡಿದ ಸಿಬ್ಬಂದಿಯನ್ನು ಸರ್ಕಾರವೇ ಹಿಡಿದು ಕೇಳಿದ್ದರೆ, ಆ ಎರಡು ಬೇಡಿಕೆಗೆ ಹುರುಳೇ ಇರುತ್ತಿರಲಿಲ್ಲ. ಸರ್ಕಾರ ತಾನಾಗಿ ಮಾಡಬೇಕಿದ್ದ ನ್ಯಾಯ ಕಾಡುಗಳ್ಳನ ಬಾಯಿಂದ ಬರುವಂತಾಯಿತು. ಶಕೀಲ್ ಅಹ್ಮದ್ ಅವರಂಥ ಅಧಿಕಾರಿಗಳಿಗೆ ನಿಜವಾದ ಅವಮಾನ ಆದದ್ದು ಅಲ್ಲಿ. ‘ನಮ್ಮ ಹುಡುಗರ ಮನೋಬಲ ಕುಗ್ಗುತ್ತದೆ’ ಎಂಬ ಮಾತನ್ನು ಮುಂದೆ ಮಾಡಿ ಎಷ್ಟೋ ವರ್ಷ ಯಾರೂ ಏನನ್ನೂ ಕೇಳದ ಹಾಗೆ ನೋಡಿಕೊಳ್ಳಲಾಯಿತು. ಮಡಿದವರ ಹೆಸರು ಬದುಕಿರುವವರ ತಪ್ಪಿಗೆ ಹೊದಿಕೆಯಾಯಿತು.

ದೊಡ್ಡ ಯುದ್ಧಗಳಲ್ಲೂ ಈ ವಾದ ಹೀಗೆಯೇ ನಡೆಯುತ್ತದೆ. 1987ರ ಜುಲೈನಲ್ಲಿ ಶ್ರೀಲಂಕಾಕ್ಕೆ ಹೋದ ಭಾರತೀಯ ಶಾಂತಿಪಾಲನಾ ಪಡೆ ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ಮರಳಿತು. ಆ ಯುದ್ಧ ಅಲ್ಲಿಯ ತಮಿಳರಿಗೂ ಬೇಡ, ಸಿಂಹಳೀಯರಿಗೂ ಬೇಡ, ಕಡೆಗೆ ನಮಗೂ ಬೇಡವಾಗಿತ್ತು. ಕರೆಸಿಕೊಂಡದ್ದು ಸರಿಯಾದ ನಿರ್ಧಾರ. ಆದರೆ ಹಡಗಿನಿಂದ ಮದ್ರಾಸಿನಲ್ಲಿ ಇಳಿದ ಯೋಧರನ್ನು ಎದುರುಗೊಳ್ಳಲು ಅಲ್ಲಿಯ ಮುಖ್ಯಮಂತ್ರಿಯೇ ಹೋಗಲಿಲ್ಲ. ಅವರಿಗೆಂದೇ ಹೆಸರು ಕೆತ್ತಿದ ಸ್ಮಾರಕ ಕೊಲಂಬೊ ಪಕ್ಕದ ಕೋಟ್ಟೆಯಲ್ಲಿ ಎದ್ದಿತು, ಶ್ರೀಲಂಕಾದ ನೆಲದಲ್ಲಿ. ಆ ಯೋಧರ ಮನಸ್ಸು ನೊಂದದ್ದು ವಾಪಸು ಬಂದದ್ದಕ್ಕಲ್ಲ, ಬಂದ ಮೇಲೆ ಯಾರೂ ಮಾತನಾಡಿಸದೇ ಹೋದದ್ದಕ್ಕೆ. ಯುದ್ಧವನ್ನು ಆರಿಸುವವನು ಯೋಧನಲ್ಲ. ಅದು ತಪ್ಪಾದರೆ ಹೊಣೆ ಕಳಿಸಿದವರದು. ಈಗಾಗಲೇ ಸತ್ತವರ ಹೆಸರಿನಲ್ಲಿ ಮತ್ತಷ್ಟು ಹುಡುಗರನ್ನು ಕಳಿಸುತ್ತಾ ಹೋದರೆ ಆ ಲೆಕ್ಕಕ್ಕೆ ಕೊನೆಯೇ ಇಲ್ಲ. ನಾಳೆ ಸಾಯುವವರೂ ನಾಡಿದ್ದಿಗೆ ಕಾರಣವಾಗುತ್ತಾರೆ.

ಹಾಗಾದರೆ ಗೌರವ ಎಂದರೇನು? ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ, ಅದೂ ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲಿ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಆ ಊರಿನಲ್ಲೇ ಉಳಿದು ಜನರಿಗೆ ಔಷಧ ಒದಗಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು, ತಂಡದಲ್ಲಿದ್ದ ಹುಡುಗರನ್ನು ಶರಣಾಗಲು ಒಪ್ಪಿಸಿದರು. ವೀರಪ್ಪನ್ ಶರಣಾಗುತ್ತಾನೆಂಬ ಮಾತು ನಂಬಿ 1991ರ ನವೆಂಬರ್ 10ರಂದು ಆಯುಧವಿಲ್ಲದೆ ಕಾಡಿಗೆ ಹೋದರು. ಅವನು ಅವರನ್ನು ಕೊಂದು ತಲೆ ಕಡಿದ. ಸರ್ಕಾರ ಅವರಿಗೆ ಕೀರ್ತಿಚಕ್ರ ಕೊಟ್ಟಿತು. ಊರಿನವರು ಅವರು ಕಟ್ಟಿಸಿದ ಗುಡಿಯಲ್ಲಿ ದೇವಿಯ ಜೊತೆಗೆ ಅವರ ಪಟವನ್ನೂ ಇಟ್ಟು ಪೂಜಿಸುತ್ತಾರೆ. ಕೊಂದವನ ನೆಂಟರಿಷ್ಟರು ಇರುವ ಊರಿನಲ್ಲಿ ಸತ್ತವನಿಗೆ ಆರತಿ! ಅದನ್ನು ಯಾವ ಆದೇಶವೂ ಮಾಡಿಸಲಾರದು. ಅವರು ಮಾಡಿದ ಕೆಲಸ ಅಲ್ಲಿ ಉಳಿದಿದೆ, ಆದ್ದರಿಂದ ಅವರೂ ಉಳಿದಿದ್ದಾರೆ.

1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡದ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. ಅವರಲ್ಲಿ ಪೊಲೀಸರ ಜೊತೆ ಅರಣ್ಯ ಸಿಬ್ಬಂದಿಯೂ ಇದ್ದರು, ದಾರಿ ತೋರಿಸಲು ಬಂದ ಹಳ್ಳಿಯ ಮಾಹಿತಿದಾರರೂ ಇದ್ದರು. ಭಾಷಣಗಳಲ್ಲಿ ‘ಹುತಾತ್ಮರು’ ಎನ್ನುವಾಗ ಆ ಮಾಹಿತಿದಾರರು ನೆನಪಿಗೆ ಬರುತ್ತಾರೆಯೇ? 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತಾಗ ತಮಿಳುನಾಡು ಪಡೆಯವರಿಗೆ ನಗದು, ಬಡ್ತಿ, ನಿವೇಶನ ಬಂದವು. ದುಡಿದವರಿಗೆ ಕೊಟ್ಟದ್ದು ನ್ಯಾಯವೇ. ಆದರೆ ಅದೇ ವೇಗದಲ್ಲಿ ‘ವರ್ಕ್‌ಶಾಪ್’ನಿಂದ ಹೊರಬಂದವರ ಕಡೆಗೂ ಕೈ ಚಾಚಿದ್ದರೆ ಪಡೆಯ ಹೆಸರಿಗೆ ಇನ್ನಷ್ಟು ತೂಕ ಬರುತ್ತಿತ್ತು.

ಆದ್ದರಿಂದ ಹಿಂದೆ ಸರಿಯುವ ನಿರ್ಧಾರವನ್ನು ಅಳೆಯಲು ಮೂರು ಪ್ರಶ್ನೆ ಸಾಕು. ಸರ್ಕಾರ ತನ್ನ ವಿವೇಕದಿಂದ ಸರಿಯಿತೇ, ಬೆದರಿಕೆಗೆ ಬಾಗಿ ಸರಿಯಿತೇ? ಕಾರಣವನ್ನು ಮಡಿದವರ ಮನೆಯವರ ಮುಖ ನೋಡಿ ಹೇಳಿತೇ? ಸರಿದ ಮೇಲೂ ನ್ಯಾಯದ ಕೆಲಸವನ್ನು ಮುಂದುವರಿಸಿತೇ? 2000ದಲ್ಲಿ ನಮ್ಮ ಸರ್ಕಾರ ಈ ಮೂರರಲ್ಲೂ ಸೋತಿತು. ಸೋತದ್ದು ಬಂದೂಕು ಕೆಳಗಿಳಿಸಿದ್ದರಿಂದ ಅಲ್ಲ.

ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಟ್ರಂಕ್ ಹೊತ್ತು ರಜೆಗೆ ಇಳಿಯುವ ಹುಡುಗರನ್ನು ನೋಡುವಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಅಂಥ ಹುಡುಗನ ತಾಯಿಯನ್ನು ಕೇಳಿದರೆ ಅವನು ಯಾವ ಯುದ್ಧದಿಂದ ಬಂದ ಎನ್ನುವುದಕ್ಕಿಂತ ಬಂದ ಎನ್ನುವುದೇ ದೊಡ್ಡದು. ಅವನನ್ನು ಕ್ಷೇಮವಾಗಿ ಮನೆಗೆ ಕರೆಸಿಕೊಂಡ ನಾಡು ಅವನಿಗೆ ಅವಮಾನ ಮಾಡಿದಂತಾಗುವುದಿಲ್ಲ. ಬಾರದೇ ಹೋದವನ ತಂದೆ ಬಂದು ಬಾಗಿಲು ತಟ್ಟಿದಾಗ ಮುಖ ತಪ್ಪಿಸದೆ ಉತ್ತರ ಹೇಳುವುದು, ಆ ನಾಡು ತೀರಿಸಲೇಬೇಕಾದ ಸಾಲ.