ತಟ್ಟೆ ಮಧ್ಯಕ್ಕಿಡಿ

ಅಥೆನ್ಸ್ ನಗರದ ಪೂರ್ವಕ್ಕೆ, ಇಮಿಟ್ಟೊಸ್ ಬೆಟ್ಟದ ಬುಡದಲ್ಲಿ ಕೆಸರಿಯಾನಿ ಎಂಬ ಬಡಾವಣೆಯಿದೆ. ಅಕ್ರೋಪೊಲಿಸ್ ನೋಡಲು ಬಂದವರು ಅದರ ಕೆಳಗಿನ ಪ್ಲಾಕಾದಲ್ಲೇ ಊಟ ಮುಗಿಸಿಬಿಡುತ್ತಾರೆ, ಇಲ್ಲಿಯವರೆಗೆ ಬರುವವರು ಕಡಿಮೆ. ಕೆಸರಿಯಾನಿಯ ಚೌಕದ ಸುತ್ತ ಮೀನೂಟದ ತವೆರ್ನಾಗಳಿವೆ. ಮೇಜಿಗೆ ಕಾಗದ ಹಾಸಿ, ಗಾಳಿಗೆ ಹಾರದಂತೆ ಅಂಚಿಗೆ ಕ್ಲಿಪ್ ಸಿಕ್ಕಿಸುತ್ತಾರೆ. ಕೇಳದಿದ್ದರೂ ಬ್ರೆಡ್ಡಿನ ಬುಟ್ಟಿ ಬಂದು ಕೂರುತ್ತದೆ. ನಾವು ಐದು ಜನ ಕೂತಿದ್ದೆವು. ಸಪ್ಲಯರ್ 'ನಿಮಗೇನು, ನಿಮಗೇನು' ಎಂದು ಒಬ್ಬೊಬ್ಬರ ಮುಖ ನೋಡಲಿಲ್ಲ. ನಮ್ಮನ್ನು ಕರೆದೊಯ್ದಿದ್ದ ಊರಿನ ಗೆಳತಿ ಎಲ್ಲರ ಪರವಾಗಿ ಆರೇಳು ಹೆಸರು ಹೇಳಿ, ಕೊನೆಗೆ 'ಸ್ತಿ ಮೇಸಿ' ಎಂದಳು. ಮಧ್ಯಕ್ಕಿಡಿ ಎಂದರ್ಥ.

ಈ ಎರಡು ಮಾತಿನಲ್ಲಿ ಗ್ರೀಕರ ಊಟದ ಕ್ರಮವೆಲ್ಲ ಇದೆ. ನಾನು ಬೆಳೆದ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಎಲೆ. ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ, ಪಲ್ಯ ಎಲ್ಲಿ ಎಂಬುದು ಎಲೆಯ ಮೇಲೆ ನಿಶ್ಚಯ. ಬಡಿಸುವವರು ಸೌಟು ತಾಗಿಸದೆ ಮೇಲಿನಿಂದ ಹಾಕಬೇಕು. ಪಕ್ಕದೆಲೆಗೆ ಕೈ ಹೋದರೆ ಎಂಜಲು. ಪಂಕ್ತಿಯಲ್ಲಿ ನೂರು ಜನ ಕೂತರೂ ಪ್ರತಿಯೊಬ್ಬರ ಊಟ ಅವರವರ ಎಲೆಯೊಳಗೇ ನಡೆಯುತ್ತದೆ. ಕೆಸರಿಯಾನಿಯ ಮೇಜಿನಲ್ಲಿ ಐದು ಫೋರ್ಕುಗಳು ಒಂದೇ ತಟ್ಟೆಗೆ ಇಳಿದವು. ಮೊದಲ ತಟ್ಟೆಗೆ ನನ್ನ ಕೈ ಹಿಂಜರಿಯಿತು. ಮೂರನೆಯದು ಬರುವಷ್ಟರಲ್ಲಿ ಆ ಹಿಂಜರಿಕೆ ಕರಗಿತ್ತು. ಎಲೆಯ ಶಿಸ್ತನ್ನು ನಾನು ಈಗಲೂ ಗೌರವಿಸುತ್ತೇನೆ. ಆದರೆ ಎಲ್ಲರೂ ಒಂದೇ ತುತ್ತನ್ನು ಒಂದೇ ಗಳಿಗೆಯಲ್ಲಿ ತಿಂದು, ಅದರ ಬಗ್ಗೆಯೇ ಮಾತಾಡುವ ಸುಖ ಬೇರೆ.

ನಮ್ಮ ಹೋಟೆಲುಗಳಲ್ಲಿ ಬೈಟು ಕಾಫಿ ಇಲ್ಲವೇ ಎನ್ನಬಹುದು. ಬೈಟು ಒಳಗೇ ಎರಡು ಲೋಟವಾಗಿ ಬರುತ್ತದೆ; ಪಾಲು ಮುಗಿದ ಮೇಲೆ ಮೇಜಿಗೆ ಬರುತ್ತದೆ. ಗ್ರೀಕ್ ಮೇಜಿನಲ್ಲಿ ಪಾಲು ನಮ್ಮ ಕಣ್ಣೆದುರೇ ಆಗುತ್ತದೆ. ಕೊನೆಯ ಕಣವಾಯಿ ತುಂಡು ಯಾರಿಗೆ ಎಂದು 'ನೀನು ತಗೋ, ನೀನು ತಗೋ' ನಡೆಯುತ್ತದೆ. ಹೀಗೆ ಕೂಡಿ ಕೂರುವ ಗೆಳೆಯರ ಗುಂಪಿಗೆ ಅವರಲ್ಲಿ 'ಪರೇಯಾ' ಎಂಬ ಬೇರೆಯೇ ಪದವಿದೆ.

ಈ ಚಿಕ್ಕ ತಟ್ಟೆಗಳಿಗೆ ಮೆಜೆ ಎಂದು ಹೆಸರು. ಗ್ರೀಕಿಗೆ ಈ ಪದ ತುರ್ಕಿಯಿಂದ ಬಂತು, ತುರ್ಕಿಗೆ ಪರ್ಷಿಯನ್ನಿನಿಂದ. ಪರ್ಷಿಯನ್ನಿನಲ್ಲಿ ಅದಕ್ಕೆ ರುಚಿ ಎಂದರ್ಥ. ಅದೇ ಪದ ಪೂರ್ವಕ್ಕೆ ಹೊರಟು, ಉರ್ದುವಿನ ದಾರಿಯಲ್ಲಿ ಕನ್ನಡಕ್ಕೆ ಬಂದು 'ಮಜಾ' ಆಯಿತು.

ಮೊದಲು ಬಂದದ್ದು ತ್ಸಾತ್ಸಿಕಿ. ಗ್ರೀಕ್ ಹೋಟೆಲು ಎಲ್ಲಿಯದೇ ಇರಲಿ, ನಾನು ಅದನ್ನು ಅಳೆಯುವುದು ಇದರಿಂದ. ಮೊಸರು, ಸೌತೆಕಾಯಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ: ಪಟ್ಟಿ ನೋಡಿದರೆ ನಮ್ಮ ಸೌತೆಕಾಯಿ ಮೊಸರು ಬಜ್ಜಿಯ ತಮ್ಮನಂತಿದೆ. ಆದರೆ ಅವರ ಮೊಸರು ನೀರು ಬಸಿದದ್ದು, ಚಮಚ ನೆಟ್ಟರೆ ನಿಲ್ಲಬೇಕು. ಸೌತೆಕಾಯಿಯನ್ನು ತುರಿದು, ಉಪ್ಪು ಹಾಕಿ, ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿರಬೇಕು. ತಟ್ಟೆಯ ಅಂಚಿನಲ್ಲಿ ನೀರು ಬಿಟ್ಟಿದ್ದರೆ ಅಡುಗೆಮನೆ ಅವಸರದಲ್ಲಿದೆ ಎಂದೇ ಅರ್ಥ. ಸುಟ್ಟ ಬದನೆಕಾಯಿಯ ಮೆಲಿಜಾನೊಸಲಾತಾ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ನೆಂಟ. ಹೊಗೆಯ ವಾಸನೆ ಇಲ್ಲದಿದ್ದರೆ ಅದಕ್ಕೆ ಜೀವವಿಲ್ಲ. ಮೀನಿನ ತತ್ತಿಯಿಂದ ಮಾಡುವ ತಾರಾಮೊಸಲಾತಾದಲ್ಲಿ ಬಣ್ಣ ನೋಡಬೇಕು. ಮಾಸಲು ಬಿಳುಪಿನದು ಒಳ್ಳೆಯದು. ಗುಲಾಬಿ ಹೊಳೆಯುತ್ತಿದ್ದರೆ ಬಣ್ಣ ಬೆರೆಸಿದ್ದಾರೆ. ಫಾವಾ ಎಂಬುದು ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಈರುಳ್ಳಿ, ಆಲಿವ್ ಎಣ್ಣೆ ಹಾಕಿದ ಮುದ್ದೆ. ಇದರಲ್ಲಿ ಸಾಂತೊರಿನಿ ದ್ವೀಪದ್ದಕ್ಕೆ ಹೆಸರು ಜಾಸ್ತಿ. ತೊವ್ವೆ ತಿಂದು ಬೆಳೆದ ನಾಲಿಗೆಗೆ ಅದು ಮೊದಲ ಚಮಚದಲ್ಲೇ ಮನೆಯದಾಗುತ್ತದೆ.

ಹೊರಿಯಾತಿಕಿ ಅಂದರೆ ಹಳ್ಳಿಯ ಸಲಾಡು. ಟೊಮೆಟೊ, ಸೌತೆಕಾಯಿ, ಈರುಳ್ಳಿ, ಆಲಿವ್, ಮೇಲೆ ಇಡೀ ಹೋಳಾಗಿ ಕೂರಿಸಿದ ಫೆಟಾ ಚೀಸ್. ಇದರಲ್ಲಿ ಲೆಟ್ಯೂಸ್ ಎಲೆ ಸೇರುವುದಿಲ್ಲ. ಫೆಟಾ ಎಂಬ ಹೆಸರು ಗ್ರೀಸಿನದು ಮಾತ್ರ ಎಂದು ಯುರೋಪಿನ ನ್ಯಾಯಾಲಯ 2005ರಲ್ಲಿ ಎತ್ತಿಹಿಡಿಯಿತು. ಕುರಿಯ ಹಾಲೇ ಅದರ ಆಧಾರ, ಮೇಕೆಯ ಹಾಲು ಶೇ 30ರವರೆಗೆ ಬೆರೆಯಬಹುದು, ಹಸುವಿನ ಹಾಲಿಗೆ ಜಾಗವಿಲ್ಲ. ಈ ಹಟ ನನಗೆ ಸರಿ ಎನಿಸುತ್ತದೆ. ಹಸುವಿನ ಹಾಲಿನ ಬಿಳಿ ಚೀಸಿನಲ್ಲಿ ಆ ಹುಳಿ, ಆ ಖಾರದ ಅಂಚು ಇಲ್ಲ.

ಇಷ್ಟರ ಮಧ್ಯೆ ಬಂದ ಒಂದು ತಟ್ಟೆಯಿಂದ ಜೀರಿಗೆಯ ವಾಸನೆ ಎದ್ದಿತು. ಗ್ರೀಕ್ ಅಡುಗೆಯಲ್ಲಿ ಜೀರಿಗೆ ಅಪರೂಪ. ಸೂಜುಕಾಕಿಯಾ: ಕೈಮಾದ ಉದ್ದುಂಡೆಗಳು, ಟೊಮೆಟೊ ಸಾರಿನಲ್ಲಿ ಬೆಂದವು. ಇದು ಸ್ಮಿರ್ನಾದ, ಅಂದರೆ ಇಂದಿನ ತುರ್ಕಿಯ ಇಜ್ಮಿರ್‌ನ ಅಡುಗೆ. 1922ರಲ್ಲಿ ಆ ಊರು ಹೊತ್ತಿ ಉರಿಯಿತು. 1923ರ ಒಪ್ಪಂದದಂತೆ ಗ್ರೀಸ್ ಮತ್ತು ತುರ್ಕಿ ಧರ್ಮದ ಲೆಕ್ಕದಲ್ಲಿ ಜನರನ್ನು ಅದಲುಬದಲು ಮಾಡಿಕೊಂಡವು. ಹತ್ತು ಲಕ್ಷಕ್ಕೂ ಹೆಚ್ಚು ಕ್ರೈಸ್ತರು ಮನೆಮಠ ಬಿಟ್ಟು ಗ್ರೀಸಿಗೆ ಬಂದರು. ಅವರಲ್ಲಿ ಗ್ರೀಕ್ ಬಾರದೆ ತುರ್ಕಿಯನ್ನಷ್ಟೇ ಆಡುವವರೂ ಇದ್ದರು. ಕೆಸರಿಯಾನಿ ಬೆಳೆದದ್ದೇ ಆ ನಿರಾಶ್ರಿತರ ಗುಡಿಸಲುಗಳಿಂದ. ಹೊಲ ಹಿಂದುಳಿಯಿತು, ಮನೆ ಹಿಂದುಳಿಯಿತು, ಜೀರಿಗೆ ಜೊತೆಗೆ ಬಂತು. ಅಂದಿನ ಆ ವಲಸೆಯನ್ನು ತೆಗೆದುಹಾಕಿದರೆ ಅಥೆನ್ಸಿನ ಮೆಜೆ ಮೇಜು ಅರ್ಧ ಬರಿದಾಗುತ್ತದೆ.

ಸಸ್ಯಾಹಾರಿಗಳಿಗೆ ಗ್ರೀಸಿನಲ್ಲಿ ಏನೂ ಸಿಗದು ಎಂಬ ಮಾತು ನಮ್ಮಲ್ಲಿ ಓಡಾಡುತ್ತದೆ. ಅದು ತಪ್ಪು. ಅವರ ಚರ್ಚಿನ ಉಪವಾಸದ ದಿನಗಳನ್ನೆಲ್ಲ ಕೂಡಿಸಿದರೆ ವರ್ಷದ ಅರ್ಧದ ಹತ್ತಿರ ಹೋಗುತ್ತದೆ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಇಲ್ಲ. ಹಾಗಾಗಿ ಎಣ್ಣೆಯಲ್ಲಿ ನಿಧಾನವಾಗಿ ಬೇಯಿಸಿದ ತರಕಾರಿಗಳ ದೊಡ್ಡ ಪರಂಪರೆಯೇ ಬೆಳೆದಿದೆ; ಅದಕ್ಕೆ ಲದೆರಾ ಎನ್ನುತ್ತಾರೆ. ಬೆಂಡೆಕಾಯಿಯ ಲೋಳೆ ತೆಗೆಯಲು ನಾವು ಹುಣಸೆಹಣ್ಣು ಹಾಕಿದರೆ ಅವರು ವಿನೆಗರ್ ಚಿಮುಕಿಸುತ್ತಾರೆ. ಬೇಸಿಗೆಯಲ್ಲಿ ವ್ಲೀತಾ ಎಂಬ ಸೊಪ್ಪು ಕೇಳಿ. ಅದು ನಮ್ಮ ಹರಿವೆ, ದಂಟು, ಕೀರೆಗಳ ಕುಲದ್ದೇ. ಬೇಯಿಸಿ, ಆಲಿವ್ ಎಣ್ಣೆ ಸುರಿದು, ನಿಂಬೆ ಹಿಂಡುತ್ತಾರೆ, ಅಷ್ಟೆ. ನಾನು ಆ ರಾತ್ರಿ ಎರಡನೆಯ ಸಲ ತರಿಸಿದ್ದು ಇದೊಂದನ್ನೇ. ಒಂದು ಎಚ್ಚರಿಕೆ ಮಾತ್ರ ಬೇಕು: ಉಪವಾಸದ ಅಡುಗೆಯಲ್ಲಿ ಸೀಗಡಿ, ಕಣವಾಯಿಗಳಿಗೆ ಅಡ್ಡಿಯಿಲ್ಲ, ಆದ್ದರಿಂದ ಕೇಳಿಯೇ ತಿನ್ನಿ.

ಪಾನೀಯದ ವಿಷಯ ಚಿಕ್ಕದು. ಊಜೊ ಎಂಬ ತಿಳಿಯಾದ ಮದ್ಯಕ್ಕೆ ನೀರು ಬೆರೆತಾಗ ಅದರಲ್ಲಿ ಕರಗಿದ್ದ ಸೋಂಪಿನಂಥ ಎಣ್ಣೆ ಬೇರ್ಪಟ್ಟು ಲೋಟ ಹಾಲುಬಿಳುಪಾಗುತ್ತದೆ. ಮನೆಯ ವೈನನ್ನು ಅಲ್ಲಿ ಕಿಲೋ ಲೆಕ್ಕದಲ್ಲಿ ಕೇಳುತ್ತಾರೆ, ಅರ್ಧ ಕಿಲೋ ಎಂದರೆ ಒಂದು ಹೂಜಿ. ಎರಡನ್ನೂ ಬರಿಹೊಟ್ಟೆಯಲ್ಲಿ ಕುಡಿಯುವ ರೂಢಿ ಅವರದಲ್ಲ.

ಪಿಕಿಲಿಯಾ ಎಂಬ ಒಂದು ದೊಡ್ಡ ಹರಿವಾಣ ಎಲ್ಲ ಕಡೆ ಸಿಗುತ್ತದೆ: ಹತ್ತು ಬಗೆಯನ್ನು ಒಟ್ಟಿಗೆ ಜೋಡಿಸಿದ್ದು. ನೋಡಲು ಭರ್ಜರಿ. ಹೊಸಬರು ಅದಕ್ಕೇ ಮೊದಲು ಬೆರಳು ತೋರಿಸುತ್ತಾರೆ. ನಾನು ಬೇಡವೆನ್ನುತ್ತೇನೆ. ಎಲ್ಲವೂ ಒಂದೇ ಸಲ ಬಂದರೆ ಬಿಸಿಯದು ಆರುತ್ತದೆ, ಕರಿದದ್ದು ಮೆತ್ತಗಾಗುತ್ತದೆ. ಪ್ಲಾಕಾದ ಒಂದು ಹೋಟೆಲಿನಲ್ಲಿ ನಮಗೆ ಹಾಗೇ ಆಗಿತ್ತು. ಬಾಣಲೆಯಿಂದ ಕುದಿಯುತ್ತಾ ಬರಬೇಕಿದ್ದ ಸಗನಾಕಿ ಚೀಸ್ ರಬ್ಬರಾಗಿತ್ತು. ಕೆಸರಿಯಾನಿಯಲ್ಲಿ ಒಂದೊಂದು ತಟ್ಟೆ ಆದಂತೆ ಬಂತು, ಖಾಲಿಯಾದದ್ದು ಹೋಯಿತು. ಮೂರು ಗಂಟೆ ಕೂತಿದ್ದೆವು, ಯಾರೂ ಏಳಿ ಎನ್ನಲಿಲ್ಲ. ಬಿಲ್ಲಿನ ಜೊತೆ ಕೇಳದೆಯೇ ಒಂದು ತಟ್ಟೆ ಕಲ್ಲಂಗಡಿ ಬಂತು, ಅದಕ್ಕೆ ದುಡ್ಡಿಲ್ಲ.

ನೀವು ಹೋದಾಗ ನಾಲ್ಕು ಜನಕ್ಕೆ ನಾಲ್ಕೇ ತಟ್ಟೆಯಿಂದ ಶುರುಮಾಡಿ. ಬೇಕೆನಿಸಿದಾಗ ಮತ್ತೆರಡು ಹೇಳಿ. ಬ್ರೆಡ್ಡಿನ ಒಂದು ತುಂಡನ್ನು ಕೊನೆಯವರೆಗೂ ಉಳಿಸಿಕೊಳ್ಳಿ, ಸಲಾಡಿನ ತಳದಲ್ಲಿ ನಿಂತ ಟೊಮೆಟೊ ರಸ ಮತ್ತು ಆಲಿವ್ ಎಣ್ಣೆಯಲ್ಲಿ ಅದ್ದಿ ತಿನ್ನಲು.