ಯಾರೂ ಮೀಟದ ಗಾಂಧಾರ: ಹದಿನೈದು ಸಾವಿರದೊಳಗೆ ಒಂದು ಹೆಡ್‌ಫೋನ್

ಕೋಲಾರದ ಬಸ್ ನಿಲ್ದಾಣದ ಸುತ್ತಿನ ಮೊಬೈಲ್ ಅಂಗಡಿಗಳಲ್ಲಿ ಹೆಡ್‌ಫೋನ್ ಕೇಳಿದರೆ ಮೊದಲು ಬರುವ ಮಾತು ‘ಬೇಸ್ ಸೂಪರ್ ಆಗಿದೆ ಸಾರ್’. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರಗಳಲ್ಲೂ ಇದೇ ಮಾತು. ಹಾಕಿ ಕೇಳಿಸುವುದು ಹೊಸ ಸಿನಿಮಾದ ಒಂದು ಹಾಡು: ಕೆಳಗೆ ಗುಡುಗುವ ಎಲೆಕ್ಟ್ರಾನಿಕ್ ಡ್ರಮ್ಮು, ಅದರಡಿ ಹೂತುಹೋದ ದನಿ. ಈ ಪರೀಕ್ಷೆಯಲ್ಲಿ ಐನೂರು ರೂಪಾಯಿಯ ಹೆಡ್‌ಫೋನೂ ಪಾಸು, ಹದಿನೈದು ಸಾವಿರದ್ದೂ ಪಾಸು. ಕೊಳ್ಳುವವನಿಗೆ ತಿಳಿಯಬೇಕಾದದ್ದು ಮಾತ್ರ ತಿಳಿಯುವುದಿಲ್ಲ.

ಈ ಜಿಲ್ಲೆಯಲ್ಲಿ ಇದಕ್ಕಿಂತ ಕಠಿಣವಾದ ಎರಡು ಪರೀಕ್ಷೆಗಳು ಕೈಗೆ ಸಿಗುವಂತಿವೆ. ಒಂದು, ತಮಟೆ. ತೇರಹಳ್ಳಿ ಬೆಟ್ಟದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ಹುಣ್ಣಿಮೆ ಹಾಡು ಕೇಳಿದವರಿಗೆ, ಊರಹಬ್ಬದಲ್ಲಿ ಬೆಂಕಿಗೆ ಹಿಡಿದು ಕಾಯಿಸಿದ ತಮಟೆಯ ಪಕ್ಕ ನಿಂತವರಿಗೆ ಅದರ ನಾದ ಗೊತ್ತು. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಮುನಿವೆಂಕಟಪ್ಪನವರು ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯವರು. 2007ರವರೆಗೆ ಅದೂ ಕೋಲಾರ ಜಿಲ್ಲೆಯೇ. ತಮಟೆಯ ಏಟು ಫಟ್ಟನೆ ಎದ್ದು ಫಟ್ಟನೆ ನಿಲ್ಲಬೇಕು. ದಪ್ಪ ಕೋಲಿನ ಪೆಟ್ಟು, ಸಣ್ಣ ಕಡ್ಡಿಯ ಪೆಟ್ಟು ಬೇರೆಬೇರೆಯಾಗಿ ಕೇಳಬೇಕು. ಬೇಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಎರಡೂ ಕಲಸಿ ‘ದುಮ್’ ಎಂಬ ಒಂದೇ ಸದ್ದಾಗುತ್ತದೆ.

ಇನ್ನೊಂದು, ತಂಬೂರಿ. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ವೃಂದಾವನಸ್ಥರಾದ ಶ್ರೀಪಾದರಾಜರ ಒಂದು ದೇವರನಾಮವನ್ನು ಬರೀ ತಂಬೂರಿಯ ಜೊತೆ ಹಾಡಿದ ಧ್ವನಿಮುದ್ರಣ ಹುಡುಕಿಕೊಳ್ಳಿ. ಶ್ರುತಿ ಸರಿ ಕೂತ ತಂಬೂರಿಯಲ್ಲಿ ಯಾರೂ ಮೀಟದ ಒಂದು ಸ್ವರ ಕೇಳುತ್ತದೆ: ಅಂತರ ಗಾಂಧಾರ. ಮಂದ್ರ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಐದನೆಯ ಅನುಸ್ವರ ಅದು; ಸಂಗೀತಗಾರರು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಒಳ್ಳೆಯ ಹೆಡ್‌ಫೋನಿನಲ್ಲಿ ಹಾಡುವವರ ದನಿಯ ಹಿಂದೆ ಅದು ಸಣ್ಣಗೆ ಮಿನುಗುತ್ತಲೇ ಇರುತ್ತದೆ. ಬೇಸ್ ಜಾಸ್ತಿಯಾದರೆ ಅದೇ ಮೊದಲು ಮಾಯವಾಗುತ್ತದೆ, ಏಕೆಂದರೆ ಜೋರಾದ ತಗ್ಗು ಸ್ವರ ತನಗಿಂತ ಮೇಲಿನ ಮೆಲು ಸ್ವರಗಳನ್ನು ಕಿವಿಯಲ್ಲಿಯೇ ಮುಚ್ಚಿಬಿಡುತ್ತದೆ. ನಮ್ಮ ಸಂಗೀತಕ್ಕೆ ಶ್ರುತಿಯೇ ನೆಲ. ಆ ನೆಲ ಕೇಳಿಸದ ಹೆಡ್‌ಫೋನನ್ನು ಎಷ್ಟು ಹೊಗಳಿದರೂ ನಾನು ಒಪ್ಪಲಾರೆ.

ಬೆಲೆ ಹೆಚ್ಚಾದಂತೆ ಈ ಗುಣ ಹೆಚ್ಚುತ್ತದೆಯೇ? 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನುಗಳ ಅಳತೆಗಳನ್ನು ಬೆಲೆಯ ಜೊತೆ ಹೋಲಿಸಿ ನೋಡಿದರು. ಯಾವ ಸ್ವರವನ್ನು ಎಷ್ಟು ಜೋರಾಗಿ ನುಡಿಸುತ್ತದೆ ಎಂಬುದಕ್ಕೂ ಬೆಲೆಗೂ ನಂಟು ಕಾಣಲಿಲ್ಲ. ಮಧ್ಯಮ ಆದಾಯದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಆದರೆ ಆರಿಸುವ ಹೊಣೆಯೂ ನಮ್ಮ ಮೇಲೇ ಬೀಳುತ್ತದೆ.

ಹದಿನೈದು ಸಾವಿರದ ಆಸುಪಾಸಿನಲ್ಲಿ ಓಡಾಡುವ ಹೆಸರುಗಳಲ್ಲಿ ಸೆನ್‌ಹೈಸರ್ ಎಚ್‌ಡಿ 560ಎಸ್ ನನ್ನ ಮೊದಲ ಆಯ್ಕೆ. 2020ರಲ್ಲಿ ಬಂದದ್ದು, ಬೆನ್ನು ತೆರೆದ ಮಾದರಿ. ತಂಬೂರಿಯ ಗಾಂಧಾರ ಇದರಲ್ಲಿ ಕಣ್ಣಿಗೆ ಕಟ್ಟಿದಂತೆ ನಿಲ್ಲುತ್ತದೆ, ಮೃದಂಗದ ಎಡಗಡೆಯ ಗುಂಕಿ ಉಬ್ಬದೆ ಸ್ಪಷ್ಟವಾಗಿರುತ್ತದೆ. ತಾರಸ್ಥಾಯಿಯ ನಾಗಸ್ವರ ಬಂದಾಗ ಮಾತ್ರ ಸ್ವಲ್ಪ ಚೂಪು; ಆ ಕೊರತೆಯನ್ನು ನಾನು ಮನ್ನಿಸುತ್ತೇನೆ. ಬೇಯರ್‌ಡೈನಾಮಿಕ್ ಡಿಟಿ 990 ಪ್ರೊದಲ್ಲಿ ಅದೇ ಕೊರತೆ ಮನ್ನಿಸಲಾಗದಷ್ಟು ದೊಡ್ಡದು: ಹಾಡುಗಾರರ ಪ್ರತಿಯೊಂದು ‘ಸ’ಕಾರವೂ ಕಿವಿಗೆ ಚುಚ್ಚುತ್ತದೆ, ತಮಟೆಯ ಕಡ್ಡಿಯ ಪೆಟ್ಟು ಗಾಜು ಒಡೆದಂತಾಗುತ್ತದೆ. ಆಡಿಯೊ ಟೆಕ್ನಿಕಾದ ಎಂ50ಎಕ್ಸ್ ಮುಚ್ಚಿದ ಮಾದರಿ. ಬೇಸ್ ತುಸು ಮುಂದು, ದನಿ ತುಸು ಹಿಂದು. ತಮಟೆಗೆ ಸೊಗಸು, ದೇವರನಾಮಕ್ಕೆ ಸಾಧಾರಣ. ವೈರು ಬಿಚ್ಚಿ ಬದಲಿಸಬಹುದು, ಮಡಚಿ ಚೀಲಕ್ಕೆ ಹಾಕಿಕೊಳ್ಳಬಹುದು. ಎರಡು ಸಾವಿರದೊಳಗೆ ಮುಗಿಸಬೇಕೆಂದರೆ 2022ರಲ್ಲಿ ಬಂದ ಮೂನ್‌ಡ್ರಾಪ್ ಚು ಎಂಬ ವೈರಿನ ಇಯರ್‌ಫೋನ್ ಇದೆ. ಅದೇ ಬೆಲೆಯ ನೆಕ್‌ಬ್ಯಾಂಡುಗಳು ಅದರ ಹತ್ತಿರ ಸುಳಿಯಲಾರವು.

ಇನ್ನು ಆಂಪ್ಲಿಫೈಯರ್. ಹಣ ವ್ಯರ್ಥವಾಗುವುದು ಇಲ್ಲೇ ಹೆಚ್ಚು, ಹಾಗಾಗಿ ಸ್ವಲ್ಪ ಲೆಕ್ಕ ಬೇಕು. ನರಸಾಪುರದ ಕಾರ್ಖಾನೆಯಲ್ಲಿ ಜೋಡಣೆಯಾಗುವ ಐಫೋನಿಗೆ 2016ರಿಂದಲೇ ಹೆಡ್‌ಫೋನ್ ಜಾಕ್ ಇಲ್ಲ. ಅದನ್ನು ಜೋಡಿಸುವ ನಮ್ಮ ಹುಡುಗ ಹುಡುಗಿಯರು ವೈರಿನ ಹೆಡ್‌ಫೋನ್ ಹಾಕಿಕೊಳ್ಳಬೇಕೆಂದರೆ ಒಂದು ಡಾಂಗಲ್ ಬೇಕು. ಆ್ಯಪಲ್ಲಿನದೇ ಸಿ-ಟೈಪ್ ಡಾಂಗಲ್ ಸಾವಿರ ರೂಪಾಯಿಯ ಸುತ್ತಮುತ್ತ ಸಿಗುತ್ತದೆ. ಬೆರಳುದ್ದದ ಆ ವೈರಿನೊಳಗೆ ಒಂದು ಪುಟ್ಟ ಆಂಪ್ಲಿಫೈಯರೇ ಇದೆ. ಸುಮಾರು 1 ವೋಲ್ಟ್ ಕೊಡುತ್ತದೆ. 1 ವೋಲ್ಟಿಗೆ 560ಎಸ್ 110 ಡೆಸಿಬೆಲ್ ನುಡಿಯುತ್ತದೆ ಎಂದು ಕಂಪನಿಯೇ ಹೇಳುತ್ತದೆ. 38 ಓಮ್ ವಿದ್ಯುತ್ ತಡೆಯ ಎಂ50ಎಕ್ಸ್, ಕಂಪನಿಯ ಅಂಕಿಗಳಿಂದ ಲೆಕ್ಕ ಹಾಕಿದರೆ, ಸುಮಾರು 113. ಕಚೇರಿಯ ಅತಿ ಜೋರಾದ ಕ್ಷಣಕ್ಕೂ ಇದು ಸಾಕು. ಅಂದರೆ ಈ ಎರಡಕ್ಕೂ ಎಂಟು ಹತ್ತು ಸಾವಿರದ ಆಂಪ್ಲಿಫೈಯರ್ ಬೇಕಿಲ್ಲ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಈ ಡಾಂಗಲ್ ದನಿ ತೀರ ಸಣ್ಣಗೆ ಬರುತ್ತದೆ. ಅಂಥವರು ಬೇರೆ ಕಂಪನಿಯದು ಕೊಳ್ಳುವುದು ಲೇಸು.

ನಿಜವಾಗಿ ಆಂಪ್ಲಿಫೈಯರ್ ಬೇಡುವುದು ಎಚ್‌ಡಿ 600ರಂಥ ಹೆಡ್‌ಫೋನ್. 1997ರಿಂದ ಬರುತ್ತಿರುವ ಈ 300 ಓಮಿನ ಮಾದರಿಗೆ 1 ವೋಲ್ಟ್ ಕೊಟ್ಟರೆ 97 ಡೆಸಿಬೆಲ್. ಹೊಸ ಸಿನಿಮಾ ಹಾಡಿಗೆ ಅಷ್ಟು ಸಾಕಾದೀತು. ಆದರೆ ಆಕಾಶವಾಣಿಯ ಹಳೆಯ ಕಚೇರಿಗಳನ್ನು ಮೆಲುದನಿಯಲ್ಲೇ ಮುದ್ರಿಸಿರುತ್ತಾರೆ. ಅಲ್ಲಿ ಆಲಾಪನೆ ಕೈಗೆ ಸಿಗುವುದಿಲ್ಲ. 110ಕ್ಕೆ ಏರಿಸಲು ಸುಮಾರು ನಾಲ್ಕೂವರೆ ವೋಲ್ಟ್ ಬೇಕು, ಎಂದರೆ 67 ಮಿಲಿವಾಟ್. ಮೇಜಿನ ಮೇಲಿಡುವ ಸಾಮಾನ್ಯ ಆಂಪ್ಲಿಫೈಯರ್ ಇದನ್ನು ಸಲೀಸಾಗಿ ಕೊಡುತ್ತದೆ. ಅದಕ್ಕಿಂತ ಹೆಚ್ಚಿನ ವಾಟುಗಳಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಎಚ್‌ಡಿ 600 ಮನುಷ್ಯದನಿಯನ್ನು ನುಡಿಸುವಂತೆ ಬೇರಾವುದೂ ನುಡಿಸದು ಎಂಬುದು ನನ್ನ ಅನಿಸಿಕೆ. ಆದರೆ ಅದೂ ಆಂಪ್ಲಿಫೈಯರೂ ಸೇರಿದರೆ ನಮ್ಮ ಮಿತಿ ದಾಟುತ್ತದೆ.

ಮನೆಯಲ್ಲಿ ಹಳೆಯ ಸ್ಟೀರಿಯೊ ಇದ್ದವರು ಅದರ ಹೆಡ್‌ಫೋನ್ ತೂತಿಗೆ ಚುಚ್ಚಿ ಕೇಳುವುದುಂಟು. ಅದರೊಳಗೆ ಹೆಚ್ಚಾಗಿ ನೂರು ಓಮಿಗೂ ಮೀರಿದ ರೆಸಿಸ್ಟರ್ ಇರುತ್ತದೆ. 300 ಓಮಿನ ಹೆಡ್‌ಫೋನ್ ಅದನ್ನು ಒಂದಿಷ್ಟು ತಡೆದುಕೊಂಡೀತು. 32 ಓಮಿನದು ಬಹಳ ಸಲ ಹದ ತಪ್ಪುತ್ತದೆ. ಆಂಪ್ಲಿಫೈಯರಿನ ಓಮು ಹೆಡ್‌ಫೋನಿನ ಓಮಿನ ಎಂಟರಲ್ಲೊಂದು ಪಾಲಿಗಿಂತ ಕಡಿಮೆ ಇರಲಿ ಎಂಬುದು ಬಲ್ಲವರ ಲೆಕ್ಕ. ಬ್ಲೂಟೂತ್ ಹೆಡ್‌ಫೋನಿಗೆ ಈ ಚರ್ಚೆಯೇ ಅನ್ವಯಿಸದು, ಆಂಪ್ಲಿಫೈಯರ್ ಅದರೊಳಗೇ ಇದೆ.

ಎಲ್ಲಿ ಕೂತು ಕೇಳುತ್ತೀರಿ ಎಂಬುದು ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ. ಶ್ರೀನಿವಾಸಪುರದ ಮಾವಿನ ತೋಪಿನ ನಡುವಿನ ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ ಕೇಳುವವರಿಗೆ ಬೆನ್ನು ತೆರೆದ 560ಎಸ್ ಸರಿ. ಬೇಸಿಗೆಯಲ್ಲಿ ಕಿವಿ ಬೆವರುವುದೂ ಕಡಿಮೆ. ಅದೇ ಹೆಡ್‌ಫೋನ್ ಮಾಲೂರಿನ ರೈಲಿನಲ್ಲಿ ನಿರುಪಯೋಗಿ. ಹೊರಗಿನ ಸದ್ದೆಲ್ಲ ಒಳಗೆ, ನಿಮ್ಮ ಹಾಡೆಲ್ಲ ಪಕ್ಕದವರ ಕಿವಿಗೆ.

ನಾಲ್ಕು ಊರುಗಳ ಅಂಗಡಿಯವರಲ್ಲಿ ನನ್ನದೊಂದು ಬಿನ್ನಹ. ಮಾರದೆ, ಕೇಳಿಸಲಿಕ್ಕೆಂದೇ ಒಂದು ಒಳ್ಳೆಯ ವೈರಿನ ಹೆಡ್‌ಫೋನ್ ಗಾಜಿನ ಕಪಾಟಿನಲ್ಲಿಡಿ. ನಿಮ್ಮ ಫೋನಿನಲ್ಲಿ ಒಂದು ತಮಟೆ, ಒಂದು ತಂಬೂರಿಯ ಹಾಡು ಇರಲಿ. ಬೆಂಗಳೂರಿಗೋ ಆನ್‌ಲೈನಿಗೋ ಹೋಗುತ್ತಿರುವ ಗಿರಾಕಿಗಳಲ್ಲಿ ಕೆಲವರಾದರೂ ನಿಮ್ಮಲ್ಲೇ ಉಳಿಯುತ್ತಾರೆ.

ರೈಲಿನಲ್ಲಿ ಓಡಾಡುವವರಿಗೆ ಒಂದು ಮಾತು ಹೇಳಲೇಬೇಕು. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದನಿ 90ಕ್ಕೇರಿದರೆ ವಾರವಿಡೀ ಸಿಗುವುದು ಬರೀ 4 ಗಂಟೆ. ಗಾಲಿಯ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸಿ, ಹೋಗುವಾಗ ಒಂದು ಗಂಟೆ ಬರುವಾಗ ಒಂದು ಗಂಟೆ ಕೇಳಿದರೆ ಆ 4 ಗಂಟೆ ಮಂಗಳವಾರ ಸಂಜೆಗೇ ಮುಗಿಯುತ್ತದೆ. ಒಳಗಿವಿಯ ಸೂಕ್ಷ್ಮ ಕೂದಲಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೀವು ಮೊದಲು ಕೊಳ್ಳಬೇಕಾದದ್ದು ಹೊರಗಿನ ಸದ್ದನ್ನು ತಡೆಯುವ ಮುಚ್ಚಿದ ಹೆಡ್‌ಫೋನ್ ಅಥವಾ ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನ್. ಆಂಪ್ಲಿಫೈಯರಿಗೆಂದು ಎತ್ತಿಟ್ಟ ಹಣವನ್ನು ಅದಕ್ಕೇ ಸೇರಿಸಿ.