ಚಿತ್ರ ಸರಿ, ಚೀಟಿ ಸರಿಯೇ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಹೊಟ್ಟೆಯ ತೊಂದರೆಗೆ ಮೊದಲು ಆಗುವುದು ಊರಿನ ‘ಸ್ಕ್ಯಾನಿಂಗ್’, ಅಂದರೆ ಅಲ್ಟ್ರಾಸೌಂಡ್. ‘ಲಿವರ್‌ನ್ಯಾಗ ಗಡ್ಡಿ ಐತ್ರಿ’ ಎಂಬ ಮಾತು ಬಂತೆಂದರೆ ಬೆಳಗಾವಿಗೋ ಹುಬ್ಬಳ್ಳಿ-ಧಾರವಾಡಕ್ಕೋ ಹೊರಡುತ್ತಾರೆ. 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಬೆಳಗಾವಿಯಲ್ಲಿ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯನ್ನು ಉದ್ಘಾಟಿಸಿದ ಮೇಲೆ ಹತ್ತಿರದ ಆಯ್ಕೆ ಒಂದು ಹೆಚ್ಚಾಗಿದೆ. ಅಲ್ಲಿ ಗಡ್ಡೆಯ ಆಪರೇಷನ್‌ಗೆ ಮುನ್ನ ಬರೆದುಕೊಡುವ ಕಾಂಟ್ರಾಸ್ಟ್ ಎಂಆರ್‌ಐ ಖರ್ಚಿಗೆ ತಕ್ಕ ಪರೀಕ್ಷೆಯೇ? ಹೌದು, ಹೊತ್ತು ತಪ್ಪದಿದ್ದರೆ.

ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಪೋರ್ಟಲ್ ನಾಳದ ಮೂಲಕ ಬಂದದ್ದು, ಉಳಿದದ್ದು ಅಪಧಮನಿಯದು. ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಮಾತ್ರ ಹೆಚ್ಚಾಗಿ ಅಪಧಮನಿಯ ರಕ್ತವನ್ನೇ ನಂಬಿ ಬೆಳೆಯುತ್ತದೆ. ಹಾಗಾಗಿ ಗ್ಯಾಡೊಲಿನಿಯಂ ಎಂಬ ಕಾಂಟ್ರಾಸ್ಟ್ ಔಷಧಿ ಕೈಯ ನರಕ್ಕೆ ಹೋದ ಅರ್ಧ ನಿಮಿಷದ ಆಸುಪಾಸಿನಲ್ಲಿ ಗಡ್ಡೆ ಬೆಳ್ಳಗೆ ಹೊಳೆದು, ನಿಮಿಷ ದಾಟಿದ ಮೇಲೆ ಸುತ್ತಲಿನ ಭಾಗಕ್ಕಿಂತ ಕಪ್ಪಾಗುತ್ತದೆ. ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ಅಥವಾ ದೀರ್ಘಕಾಲದ ಹೆಪಟೈಟಿಸ್ ಬಿ ಇರುವವರಲ್ಲಿ, ಒಂದು ಸೆಂಟಿಮೀಟರ್ ಮೀರಿದ ಗಡ್ಡೆಯಲ್ಲಿ ಈ ಹೊಳಪು, ಕಪ್ಪು ಎರಡೂ ಸ್ಪಷ್ಟವಾಗಿದ್ದರೆ ಸೂಜಿ ಚುಚ್ಚದೆಯೇ ಕ್ಯಾನ್ಸರ್ ಎಂದು ನಿರ್ಧರಿಸಬಹುದು. ಬೇರೆ ಅಂಗಗಳ ಕ್ಯಾನ್ಸರ್‌ನಲ್ಲಿ ಬರೀ ಚಿತ್ರವನ್ನು ಇಷ್ಟು ನಂಬುವುದು ಅಪರೂಪ. ಈ ನಂಬಿಕೆಯನ್ನು ಸಿರೋಸಿಸ್ ಆಗಲಿ ಹೆಪಟೈಟಿಸ್ ಬಿ ಆಗಲಿ ಇಲ್ಲದವರಿಗೂ ಹಿಗ್ಗಿಸುವುದು ಮಾತ್ರ ತಪ್ಪು. ಅವರಿಗೆ ಬಯಾಪ್ಸಿ ಬೇಕಾಗಬಹುದು.

ಗ್ಯಾಡಾಕ್ಸೆಟೇಟ್ ಎಂಬ ಔಷಧಿಯದು ಇನ್ನೊಂದು ಹೆಜ್ಜೆ ಮುಂದೆ. ಅದರ ಅರ್ಧದಷ್ಟನ್ನು ಲಿವರ್‌ನ ಜೀವಕೋಶಗಳೇ ಹೀರಿಕೊಳ್ಳುತ್ತವೆ. 20 ನಿಮಿಷದ ನಂತರ ಒಳ್ಳೆಯ ಭಾಗ ಬೆಳಗಿ, ಗಡ್ಡೆ ಸಾಮಾನ್ಯವಾಗಿ ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಸಿಟಿ ಸ್ಕ್ಯಾನ್‌ಗೆ ತಪ್ಪಿಸಿಕೊಂಡ ಸಣ್ಣ ಗಡ್ಡೆಗಳು ಸಿಗುವುದು ಇಲ್ಲಿ. ಎಡಭಾಗದಲ್ಲಿ ಒಂದೇ ಎಂದು ಚಾಕು ಹಿಡಿಯಬೇಕಿದ್ದ ಸರ್ಜನ್‌ಗೆ ಬಲಭಾಗದಲ್ಲಿ ಇನ್ನೊಂದು ಕಂಡರೆ ಇಡೀ ಲೆಕ್ಕವೇ ಬದಲು. ಸಿರೋಸಿಸ್ ಇದ್ದವರಲ್ಲಿ ಕತ್ತರಿಸಿದ ಮೇಲೆ ಲಿವರ್‌ನ ಸುಮಾರು ಶೇಕಡಾ 40 ಭಾಗ ಉಳಿಯಬೇಕು ಎಂಬುದನ್ನು ನೆನೆದರೆ ಆ ಚುಕ್ಕೆಯ ತೂಕ ತಿಳಿದೀತು.

ಹಾಗಂತ ಎಲ್ಲರಿಗೂ ಇದೇ ಎನ್ನಲಾರೆ. ಹೊಟ್ಟೆಯಲ್ಲಿ ನೀರು ತುಂಬಿ, ಕಾಮಣಿ ಏರಿದವರ ಲಿವರ್ ಔಷಧಿಯನ್ನೇ ಸರಿಯಾಗಿ ಹೀರದು. ಚಿತ್ರ ತೆಗೆಯುವಾಗ ಉಸಿರು ಹಿಡಿಯಲೂ ಅವರಿಗೆ ಆಗದು. ಗ್ಯಾಡಾಕ್ಸೆಟೇಟ್ ಕೆಲವರಿಗೆ, ಗಡ್ಡೆ ಹೊಳೆಯುವ ಅಪಧಮನಿ ಹಂತದಲ್ಲೇ ಕ್ಷಣಕಾಲ ಏದುಸಿರು ತರಿಸಿ, ಅತಿ ಮುಖ್ಯವಾದ ಚಿತ್ರವನ್ನೇ ಕಲಕಿಬಿಡುತ್ತದೆ. ಅಂಥವರಿಗೆ ಬೇಗ ಮುಗಿಯುವ, ಮೂರು ಹಂತದ ಸಿಟಿಯೇ ಮೇಲು.

ನನ್ನ ದೊಡ್ಡ ತಕರಾರು ಯಂತ್ರದ ಮೇಲಲ್ಲ, ಚೀಟಿಯ ಮೇಲೆ. ‘ಎಂಆರ್‌ಐ ಹೊಟ್ಟೆ’ ಎಂದಷ್ಟೇ ಬರೆದ ಚೀಟಿಯಿಂದ ರೇಡಿಯಾಲಜಿಸ್ಟ್‌ಗೆ ಏನು ಹುಡುಕಬೇಕೆಂದೇ ತಿಳಿಯದು. ಸಿರೋಸಿಸ್ ಇದೆಯೇ, ಹೆಪಟೈಟಿಸ್ ಬಿ ಇದೆಯೇ, ರಕ್ತದಲ್ಲಿ ಎಎಫ್‌ಪಿ (ಲಿವರ್ ಕ್ಯಾನ್ಸರ್‌ನ ಸುಳಿವು ಕೊಡುವ ಪ್ರೋಟೀನ್) ಎಷ್ಟು, ಯಾವ ಭಾಗ ತೆಗೆಯುವ ಯೋಚನೆ, ಇಷ್ಟಾದರೂ ಅದರಲ್ಲಿ ಇರಬೇಕು. ಇನ್ನು, ಕೊಳವೆಯೊಳಗೆ ಮಲಗಿದ ರಾಮದುರ್ಗದ ರೈತನಿಗೆ ಉಸಿರು ಹಿಡಿಯುವ ಅಪ್ಪಣೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬಂದರೆ ಎಷ್ಟು ದುಬಾರಿ ಔಷಧಿಯೂ ವ್ಯರ್ಥ. ಒಳಗೆ ಕಳಿಸುವ ಮುಂಚೆ ‘ಉಸರ ಹಿಡೀರಿ, ಬಿಡ್ರಿ’ ಎಂದು ಎರಡು ಸಲ ರೂಢಿ ಮಾಡಿಸಲು ಖರ್ಚೇನೂ ಇಲ್ಲ.

ಮನೆಯವರಿಗೂ ಒಂದು ಮಾತು: ಕಿಡ್ನಿ ತೊಂದರೆ ಇದ್ದರೆ ಇಂಜೆಕ್ಷನ್‌ಗೆ ಮೊದಲೇ ಹೇಳಿ. ಹಳೆಯ ಸ್ಕ್ಯಾನ್‌ಗಳ ರಿಪೋರ್ಟ್ ಮಾತ್ರವಲ್ಲ, ಸಿಡಿಯನ್ನೂ ಜೊತೆಗೆ ಒಯ್ಯಿರಿ.